ಪರದೆಯ ಮೇಲೆ ಚೆಸ್: ಯಾರ ಜೊತೆ, ಎಷ್ಟು ಹೊತ್ತು, ಎಲ್ಲಿ?

"ಚೆಸ್ ಆಡೋಕೆ ಯಾವ ಆ್ಯಪ್ ಒಳ್ಳೇದು?" ಎಂದು ಕೇಳುವವರಲ್ಲಿ ಹೆಚ್ಚಿನವರು ಆಗಲೇ ಎರಡು ಮೂರು ಆ್ಯಪ್ ಹಾಕಿಕೊಂಡಿರುತ್ತಾರೆ. ಒಂದರಲ್ಲಿ ಕಂಪ್ಯೂಟರ್ ಎದುರು ಸೋತು ಸೋತು ಬೇಜಾರಾಗಿರುತ್ತದೆ. ಇನ್ನೊಂದರಲ್ಲಿ ದುಡ್ಡು ಕಟ್ಟಿ ಅನ್ನುವ ಕಿಟಕಿ ಪದೇ ಪದೇ ತೆರೆದುಕೊಂಡು ಕಿರಿಕಿರಿ. ಮತ್ತೊಂದರಲ್ಲಿ ಎದುರಿನವರು ಪಟಪಟ ಅಂತ ಕಾಯಿ ನಡೆಸುತ್ತಾರೆ, ಇವರು ಕುದುರೆಯನ್ನು ಎಲ್ಲಿಡಲಿ ಎಂದು ಯೋಚಿಸುವಷ್ಟರಲ್ಲಿ ಸಮಯವೇ ಮುಗಿದಿರುತ್ತದೆ. ಕೊನೆಗೆ ಆ್ಯಪ್ಪೇ ಸರಿಯಿಲ್ಲ ಅನ್ನುವ ತೀರ್ಮಾನ.

ಆ್ಯಪ್ ಸರಿಯಾಗಿಯೇ ಇರುತ್ತದೆ. ಎಡವಟ್ಟಾಗಿರುವುದು ಎದುರಾಳಿಯನ್ನು ಮತ್ತು ಗಡಿಯಾರವನ್ನು ಆರಿಸಿಕೊಳ್ಳುವುದರಲ್ಲಿ. ಯಾರ ಜೊತೆ ಆಡಬೇಕು, ಎಷ್ಟು ಹೊತ್ತಿನ ಆಟ ಬೇಕು ಅನ್ನುವುದು ಮೊದಲು ಗೊತ್ತಾದರೆ ಯಾವ ಆ್ಯಪ್ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಮೊದಲು ಏನೇನು ನೋಡಬೇಕು ಎಂದು ಹೇಳಿ, ಆಮೇಲೆ ಒಂದೊಂದನ್ನೇ ತೂಗುತ್ತೇನೆ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು ಎದುರಾಳಿ. ಗುರುತಿಲ್ಲದ ಮನುಷ್ಯರು, ಗುರುತಿರುವ ಸ್ನೇಹಿತರು, ಅಥವಾ ಕಂಪ್ಯೂಟರ್. ಮೂರೂ ಬೇರೆ ಬೇರೆ ಆಟಗಳು ಅಂತಲೇ ಹೇಳಬಹುದು. ಗುರುತಿಲ್ಲದವರ ಜೊತೆ ಆಡಿದರೆ ಎದೆ ಸ್ವಲ್ಪ ಡವಡವ ಅನ್ನುತ್ತದೆ, ರೇಟಿಂಗ್ (ನಿಮ್ಮ ಆಟದ ಮಟ್ಟ ತೋರಿಸುವ ಅಂಕಿ) ಏರಿಳಿಯುತ್ತದೆ. ಸ್ನೇಹಿತರ ಜೊತೆಯಾದರೆ ಆಟಕ್ಕಿಂತ ಮಾತು ಜಾಸ್ತಿ. ಕಂಪ್ಯೂಟರಿಗೆ ನೀವು ಗಂಟೆಗಟ್ಟಲೆ ಯೋಚಿಸಿದರೂ ಬೇಸರವಿಲ್ಲ, ಮಧ್ಯೆ ಎದ್ದು ಹೋದರೂ ಕೋಪವಿಲ್ಲ.

ಎರಡನೆಯದು ಗಡಿಯಾರ. ಆನ್‌ಲೈನ್ ಚೆಸ್‌ನಲ್ಲಿ 5+3, 15+10 ಅನ್ನುವ ಅಂಕಿಗಳು ಕಾಣುತ್ತವಲ್ಲ, ಮೊದಲಿನದು ಇಡೀ ಆಟಕ್ಕೆ ಒಬ್ಬೊಬ್ಬರಿಗೆ ಸಿಗುವ ನಿಮಿಷ. ಪ್ಲಸ್ ಆದಮೇಲಿನದು ಪ್ರತಿ ನಡೆಗೂ ಸೇರಿಕೊಳ್ಳುವ ಸೆಕೆಂಡ್. ಒಂದೆರಡು ನಿಮಿಷದ್ದು ಬುಲೆಟ್, ಮೂರರಿಂದ ಐದು ನಿಮಿಷದ್ದು ಬ್ಲಿಟ್ಜ್, ಹತ್ತರಿಂದ ಮೇಲಕ್ಕೆ ರ‍್ಯಾಪಿಡ್. ಹೊಸಬರು ಬಂದ ದಿನವೇ ಬ್ಲಿಟ್ಜ್‌ಗೆ ಇಳಿಯುತ್ತಾರೆ, ಯಾಕೆಂದರೆ ಬೇಗ ಮುಗಿಯುತ್ತೆ ಅಲ್ವಾ. ಆದರೆ ಬ್ಲಿಟ್ಜ್‌ನಲ್ಲಿ ಆಡುವುದು ನಿಮಗೆ ಆಗಲೇ ಗೊತ್ತಿರುವುದನ್ನು ಮಾತ್ರ. ಹೊಸದಾಗಿ ಯೋಚಿಸಲು ಅಲ್ಲಿ ಪುರುಸೊತ್ತಿಲ್ಲ. ಆಟ ಸುಧಾರಿಸಬೇಕು ಅನ್ನುವವರಿಗೆ 15+10 ಒಳ್ಳೆಯದು. ಕೊನೆಯಲ್ಲಿ ಸಮಯ ಕಡಿಮೆಯಾದರೂ ಪ್ರತಿ ನಡೆಗೆ ಹತ್ತು ಸೆಕೆಂಡ್ ಸಿಗುವುದರಿಂದ, ಗೆದ್ದ ಆಟವನ್ನು ಗಡಿಯಾರಕ್ಕೆ ಕೊಟ್ಟು ಬರುವ ಸಂಕಟ ತಪ್ಪುತ್ತದೆ.

ಮೂರನೆಯದು ಆಟ ಮುಗಿದ ಮೇಲೆ ಏನು ಸಿಗುತ್ತದೆ ಅನ್ನುವುದು. ಮರದ ಹಲಗೆಗಿಂತ ಪರದೆ ನಿಜವಾಗಿ ಮೇಲಾಗುವುದು ಇಲ್ಲೇ. ಪ್ರತಿ ನಡೆಯೂ ದಾಖಲಾಗಿರುತ್ತದೆ. ಎಲ್ಲಿ ಕೈ ತಪ್ಪಿತು ಎಂದು ಎಂಜಿನ್, ಅಂದರೆ ಚೆಸ್ ನಡೆಗಳನ್ನು ಲೆಕ್ಕಹಾಕುವ ಪ್ರೋಗ್ರಾಂ, ತೋರಿಸುತ್ತದೆ. ಸುಮ್ನೆ ಹೊತ್ತು ಕಳೆಯಲು ಆಡುವವರಿಗೆ ಇದು ಬೇಕಿಲ್ಲ. ಕಲಿಯುವವರಿಗೆ ಇದೇ ಮುಖ್ಯ.

ದುಡ್ಡಿನ ವಿಷಯ ಸರಳ. ಪೂರ್ತಿ ಉಚಿತ, ತಿಂಗಳಿಗೋ ವರ್ಷಕ್ಕೋ ಚಂದಾ, ಅಥವಾ ಒಂದೇ ಸಲ ದೊಡ್ಡ ಖರ್ಚು. ಈ ಮೂರಲ್ಲಿ ಒಂದು.

ಇನ್ನು ನೆಟ್. ನಿಮ್ಮ ಸಂಪರ್ಕ ಆಗಾಗ ಹೋಗಿ ಬರುತ್ತಿದ್ದರೆ ಅವಸರದ ಆಟ ಆರಿಸಬೇಡಿ. 2020ರ ಆನ್‌ಲೈನ್ ಚೆಸ್ ಒಲಿಂಪಿಯಾಡ್ ಫೈನಲ್‌ನಲ್ಲೇ ಸಂಪರ್ಕ ಕಡಿದು ಭಾರತದ ನಿಹಾಲ್ ಸರಿನ್ ಮತ್ತು ದಿವ್ಯಾ ದೇಶ್‌ಮುಖ್ ಇಬ್ಬರೂ ಸಮಯ ಮೀರಿ ಸೋತರು. ಆಮೇಲೆ ಭಾರತ, ರಷ್ಯಾ ಎರಡನ್ನೂ ಜಂಟಿ ವಿಜೇತರು ಎಂದು ಘೋಷಿಸಬೇಕಾಯಿತು. ನಮ್ಮ ನಿಮ್ಮ ಆಟಕ್ಕೆ ಅಂಥ ತೀರ್ಪು ಕೊಡುವವರು ಯಾರೂ ಇರುವುದಿಲ್ಲ. ನೆಟ್ ಹೋದರೆ ಆಟವೂ ಹೋಯಿತು.

ಮನುಷ್ಯರ ಜೊತೆ: ಲಿಚೆಸ್ಸೋ, ಚೆಸ್ ಡಾಟ್ ಕಾಮೋ?

ಜಗತ್ತಿನಲ್ಲಿ ಆನ್‌ಲೈನ್ ಚೆಸ್ ಆಡುವ ಜಾಗಗಳು ಹಲವಿದ್ದರೂ ಕೊನೆಗೆ ಪ್ರಶ್ನೆ ಈ ಎರಡರ ನಡುವೆಯೇ ಬಂದು ನಿಲ್ಲುತ್ತದೆ.

ಲಿಚೆಸ್ಸನ್ನು ಫ್ರಾನ್ಸಿನ ಪ್ರೋಗ್ರಾಮರ್ ತಿಬೊ ದ್ಯುಪ್ಲೆಸಿ 2010ರಲ್ಲಿ ಶುರು ಮಾಡಿದರು. ಈಗ ಅದನ್ನು ಲಾಭದ ಉದ್ದೇಶವಿಲ್ಲದ ಒಂದು ಸಂಘ ನಡೆಸುತ್ತದೆ. ಖರ್ಚು ನಡೆಯುವುದು ದೇಣಿಗೆಯಿಂದ. ಜಾಹೀರಾತಿಲ್ಲ, ಚಂದಾ ಇಲ್ಲ, ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ದೇಣಿಗೆ ಕೊಟ್ಟವರಿಗೆ ಹೆಸರಿನ ಪಕ್ಕ ಒಂದು ರೆಕ್ಕೆಯ ಗುರುತು ಬರುತ್ತದೆ, ಅಷ್ಟೇ. ಆಟದ ಸೌಲಭ್ಯದಲ್ಲಿ ಕೊಟ್ಟವರಿಗೂ ಕೊಡದವರಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಚೆಸ್ ಡಾಟ್ ಕಾಮ್ 2007ರಲ್ಲಿ ಈಗಿನ ರೂಪಕ್ಕೆ ಬಂತು. ಅದು ವ್ಯಾಪಾರಿ ಕಂಪನಿ. 2022ರ ಕೊನೆಗೆ 10 ಕೋಟಿ ಸದಸ್ಯರನ್ನು ದಾಟಿತು. ಉಚಿತವಾಗಿ ಎಷ್ಟು ಬೇಕಾದರೂ ಆಡಬಹುದು, ಆದರೆ ಜಾಹೀರಾತು ಬರುತ್ತದೆ. ಪಜಲ್, ಪಾಠ, ಆಟದ ವಿಮರ್ಶೆಗೆ ಉಚಿತ ಖಾತೆಯಲ್ಲಿ ಮಿತಿ ಇದೆ. ಮಿತಿ ದಾಟಬೇಕೆಂದರೆ ಚಂದಾ. ಗೋಲ್ಡ್, ಪ್ಲಾಟಿನಂ, ಡೈಮಂಡ್ ಎಂದು ಮೂರು ಮೆಟ್ಟಿಲು.

ಇಷ್ಟು ಕೇಳಿದರೆ ಎಲ್ಲರೂ ಲಿಚೆಸ್‌ಗೇ ಹೋಗಬೇಕಲ್ಲ ಅನ್ನಿಸಬಹುದು. ಹಾಗಾಗುವುದಿಲ್ಲ. ಯಾಕೆ ಅನ್ನುವುದು ಒಂದೇ ಆಟವನ್ನು ಎರಡೂ ಕಡೆ ಹಾಕಿ ನೋಡಿದರೆ ತಿಳಿಯುತ್ತದೆ.

ನಿಮ್ಮದು ಕಪ್ಪು ಕಾಯಿ ಅಂದುಕೊಳ್ಳಿ. ಬಿಳಿಯ ಕುದುರೆ ಬಿ5 ಮನೆಗೆ ಬಂದು ಕೂತಿದೆ. ಅದರ ಮುಂದಿನ ಜಿಗಿತ ಸಿ7. ಅಲ್ಲಿಗೆ ಬಂದರೆ ನಿಮ್ಮ ರಾಜನಿಗೆ ಚೆಕ್, ಜೊತೆಗೆ ಮೂಲೆಯ ಆನೆಗೂ ಏಟು. ನೀವು ಅದನ್ನು ನೋಡಲಿಲ್ಲ, ಇನ್ನೊಂದು ಬದಿಯಲ್ಲಿ ಒಂಟೆಯನ್ನು ಹೊರತೆಗೆದಿರಿ. ಕುದುರೆ ಜಿಗಿಯಿತು, ಆನೆ ಹೋಯಿತು. ಆಟ ಮುಗಿದ ಮೇಲೆ ಲಿಚೆಸ್‌ನಲ್ಲಿ ವಿಶ್ಲೇಷಣೆ ಕೇಳಿದರೆ, ಆಟ ಯಾರ ಕಡೆ ವಾಲಿತ್ತು ಎಂದು ತೋರಿಸುವ ಒಂದು ರೇಖೆ ಬರುತ್ತದೆ. ನಿಮ್ಮ ಒಂಟೆಯ ನಡೆಯ ಜಾಗದಲ್ಲಿ ಅದು ದಡಕ್ಕನೆ ಬಿಳಿಯ ಕಡೆಗೆ ಮೇಲೇರಿರುತ್ತದೆ, ಪಕ್ಕದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ. ಆಡಬೇಕಿದ್ದ ನಡೆಯೂ ಅದರ ಮುಂದಿನ ಸಾಲೂ ಅಲ್ಲೇ ಇರುತ್ತದೆ. ಯಾಕೆ ತಪ್ಪು ಅನ್ನುವುದನ್ನು ಮಾತ್ರ ನೀವೇ ಹುಡುಕಿಕೊಳ್ಳಬೇಕು. ಚೆಸ್ ಡಾಟ್ ಕಾಮ್‌ನಲ್ಲಾದರೆ ಒಬ್ಬ ಕೋಚ್‌ನ ಮುಖ ಬರುತ್ತದೆ. ಈ ನಡೆಯಿಂದ ಎದುರಾಳಿ ನಿಮ್ಮ ರಾಜನ ಮೇಲೂ ಆನೆಯ ಮೇಲೂ ಒಟ್ಟಿಗೆ ಏರಿಬರಬಹುದು ಎಂದು ವಾಕ್ಯದಲ್ಲಿ ಹೇಳುತ್ತದೆ. ರೇಖೆ, ಚಿಹ್ನೆ ಓದಲು ಬಾರದ ಹೊಸಬರಿಗೆ ಈ ಒಂದು ವಾಕ್ಯ ಎಷ್ಟೋ ದೊಡ್ಡದು.

ಆದರೆ ಅದೇ ವಿಮರ್ಶೆ ಉಚಿತ ಖಾತೆಗೆ ಅಳೆದು ಸುರಿದು ಸಿಗುತ್ತದೆ. ಅದರ ಇನ್ನೊಂದು ಗುಣ ನನಗೆ ಅಷ್ಟು ಹಿಡಿಸುವುದಿಲ್ಲ. ಹೊಗಳಿಕೆ ಸ್ವಲ್ಪ ಧಾರಾಳ. ಒಂದು ಕಾಯಿ ಬಲಿ ಕೊಟ್ಟದ್ದು ಹೇಗೋ ಸರಿಹೋದರೆ ಎರಡು ಆಶ್ಚರ್ಯ ಚಿಹ್ನೆ ಹಾಕಿ 'ಬ್ರಿಲಿಯಂಟ್' ಅನ್ನುತ್ತದೆ. ಜನ ಆ ಚಿಹ್ನೆಯ ಸ್ಕ್ರೀನ್‌ಶಾಟ್ ಹಂಚಿಕೊಂಡು ಸುಮ್ಮನಾಗುತ್ತಾರೆ, ಅದೇ ಆಟದ ನಾಲ್ಕು ತಪ್ಪುಗಳನ್ನು ತೆರೆದೂ ನೋಡುವುದಿಲ್ಲ.

ಲಿಚೆಸ್‌ನಲ್ಲಿ ಇದಕ್ಕೆ ಬದಲಾಗಿ 'ನಿಮ್ಮ ತಪ್ಪುಗಳಿಂದ ಕಲಿಯಿರಿ' ಎನ್ನುವ ಒಂದು ಗುಂಡಿ ಇದೆ. ಒತ್ತಿದರೆ ನೀವು ತಪ್ಪು ಮಾಡಿದ ಜಾಗಕ್ಕೇ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ. ಇಲ್ಲಿ ಇದಕ್ಕಿಂತ ಒಳ್ಳೆಯ ನಡೆ ಇದೆ, ಹುಡುಕಿ ಅನ್ನುತ್ತದೆ. ಉತ್ತರ ಹೇಳುವುದಿಲ್ಲ, ಕೇಳಿದರೆ ಮಾತ್ರ ತೋರಿಸುತ್ತದೆ. ನನ್ನ ಮಟ್ಟಿಗೆ ಎರಡೂ ತಾಣಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಸೌಲಭ್ಯ ಇದು. ಇದಕ್ಕೆ ದುಡ್ಡು ಬೇಕಾಗಿಲ್ಲ ಅನ್ನುವುದು ಇನ್ನೂ ಸಂತೋಷ.

ಪಜಲ್ ವಿಷಯದಲ್ಲಿ ಲಿಚೆಸ್ ನೇರವಾಗಿ ಮುಂದಿದೆ. ಎಷ್ಟು ಬಿಡಿಸಿದರೂ ಮಿತಿ ಇಲ್ಲ. ಫೋರ್ಕ್ (ಒಂದೇ ಕಾಯಿಯಿಂದ ಎರಡಕ್ಕೆ ಏಟು), ಪಿನ್ (ಹಿಂದಿರುವ ದೊಡ್ಡ ಕಾಯಿಯ ಭಯಕ್ಕೆ ಮುಂದಿನದು ಅಲ್ಲಾಡದಂತೆ ಮಾಡುವುದು), ಎರಡು ನಡೆಯಲ್ಲಿ ಚೆಕ್‌ಮೇಟ್ ಎಂದು ವಿಷಯವಾರು ಆರಿಸಿಕೊಳ್ಳಲೂಬಹುದು. ಪಾಠಗಳ ವಿಷಯದಲ್ಲಿ ಚೆಸ್ ಡಾಟ್ ಕಾಮ್ ಮುಂದೆ. ವೀಡಿಯೊ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠ, ನಡುನಡುವೆ ಪ್ರಶ್ನೆ. ಯಾರಾದರೂ ಕೈಹಿಡಿದು ನಡೆಸಬೇಕು ಅನ್ನುವವರಿಗೆ ಅದು ಹೊಂದುತ್ತದೆ. ಲಿಚೆಸ್‌ನಲ್ಲಿ ಸಾಮಾನೆಲ್ಲ ಇದೆ, ದಾರಿ ತೋರಿಸುವವರು ಕಡಿಮೆ. ಅಲ್ಲಿ 'ಸ್ಟಡಿ' ಎಂಬ ಜಾಗದಲ್ಲಿ ಜನರೇ ಬರೆದಿಟ್ಟ ಪಾಠಗಳು ರಾಶಿ ಇವೆ. ಕೆಲವು ಬಹಳ ಚೆನ್ನಾಗಿವೆ, ಕೆಲವು ಅರ್ಧಕ್ಕೆ ನಿಂತಿವೆ. ಹುಡುಕಿ ತೆಗೆಯುವ ತಾಳ್ಮೆ ಬೇಕು.

ರೇಟಿಂಗ್ ಬಗ್ಗೆ ಒಂದು ಮಾತು. ಲಿಚೆಸ್‌ನಲ್ಲಿ ಎಲ್ಲರೂ 1500ರಿಂದ ಶುರು ಮಾಡುತ್ತಾರೆ. ಚೆಸ್ ಡಾಟ್ ಕಾಮ್ ಸೇರುವಾಗಲೇ ನಿಮ್ಮ ಮಟ್ಟ ಕೇಳಿ ಅದಕ್ಕೆ ತಕ್ಕ ಅಂಕಿ ಕೊಡುತ್ತದೆ. ಹಾಗಾಗಿ ಅದೇ ಆಟಗಾರನ ಅಂಕಿ ಲಿಚೆಸ್‌ನಲ್ಲಿ ಜಾಸ್ತಿ ಕಾಣುವುದು ಸಾಮಾನ್ಯ, ಅದರಲ್ಲೂ ಹೊಸಬರದ್ದು. ಇಲ್ಲಿ 1400 ಇದ್ದವನು ಅಲ್ಲಿ ಸಾವಿರಕ್ಕೆ ಇಳಿದೆ ಎಂದು ಕೊರಗುವುದರಲ್ಲಿ ಅರ್ಥವಿಲ್ಲ. ಎರಡು ಬೇರೆ ಬೇರೆ ಅಳತೆಗೋಲು ಅವು. ಲಿಚೆಸ್‌ನಲ್ಲಿ ಅಂಕಿಯ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇದ್ದರೆ, ನಿಮ್ಮ ಮಟ್ಟ ಇನ್ನೂ ಅದಕ್ಕೆ ಖಚಿತವಾಗಿಲ್ಲ ಎಂದು ಅರ್ಥ. ಮೊದಮೊದಲು ಒಂದೊಂದು ಸೋಲಿಗೂ ಅಂಕಿ ಧಡಧಡ ಇಳಿಯುತ್ತದೆ. ಅದನ್ನು ನೋಡಿ ಹೆದರಿ ಓಡಿಹೋಗಬೇಡಿ. ನಿಮ್ಮ ಮಟ್ಟದ ಎದುರಾಳಿಗಳು ಸಿಗಬೇಕಾದರೆ ಅದು ಮೊದಲು ಇಳಿಯಲೇಬೇಕು.

ಮೋಸ ಎರಡೂ ಕಡೆ ಇದೆ. ಪಕ್ಕದ ಕಿಟಕಿಯಲ್ಲಿ ಎಂಜಿನ್ ತೆರೆದು ಅದು ಹೇಳಿದ ನಡೆ ಆಡುವವರು ಇರುತ್ತಾರೆ. ಎರಡೂ ತಾಣದವರು ಅಂಥವರನ್ನು ಹುಡುಕಿ ಖಾತೆ ಮುಚ್ಚುತ್ತಾರೆ, ಕಳೆದುಕೊಂಡ ಅಂಕವನ್ನು ನಿಮಗೆ ವಾಪಸ್ ಕೊಡುವ ಏರ್ಪಾಡೂ ಇದೆ. ಅನುಮಾನ ಬಂದರೆ ರಿಪೋರ್ಟ್ ಮಾಡಿ ಮುಂದೆ ಹೋಗಿ. ಸೋತಾಗಲೆಲ್ಲ ಎದುರಿನವನು ಮೋಸಗಾರ ಅನ್ನಿಸುವುದು ಬೇರೆ ವಿಷಯ.

ಹಾಗಾದರೆ ಯಾರಿಗೆ ಯಾವುದು? ದುಡ್ಡು ಹಾಕಲು ಮನಸ್ಸಿಲ್ಲ, ತಾನೇ ಹುಡುಕಿ ಕಲಿಯುವ ಸ್ವಭಾವ ಅಂದರೆ ಲಿಚೆಸ್, ಎರಡು ಮಾತಿಲ್ಲ. ನಿಮ್ಮ ಸ್ನೇಹಿತರೆಲ್ಲ ಚೆಸ್ ಡಾಟ್ ಕಾಮ್‌ನಲ್ಲೇ ಇದ್ದಾರೆ, ಅಥವಾ ಯಾರಾದರೂ ವಿವರಿಸಿ ಹೇಳಿದರೇ ತಲೆಗೆ ಹತ್ತುವುದು ಅಂದರೆ ಅಲ್ಲಿಗೆ ಹೋಗಿ. ಆದರೆ ಸೇರಿದ ದಿನವೇ ವರ್ಷದ ಚಂದಾ ಕಟ್ಟಬೇಡಿ. ಉಚಿತ ಖಾತೆಯಲ್ಲಿ ಒಂದಷ್ಟು ವಾರ ಆಡಿ. ಪಾಠದ ಮಿತಿಯೋ ವಿಮರ್ಶೆಯ ಮಿತಿಯೋ ನಿಜವಾಗಿ ಅಡ್ಡ ಬಂದರೆ ಆಗ ಯೋಚಿಸಿ. ಜಾಹೀರಾತೊಂದೇ ಕಿರಿಕಿರಿ ಅನ್ನುವುದಾದರೆ ಚಂದಾಕ್ಕಿಂತ ಲಿಚೆಸ್ ಸುಲಭದ ಪರಿಹಾರ. ಚೆಸ್ ಡಾಟ್ ಕಾಮ್‌ನಲ್ಲಿ ಆಡಿದ ಆಟವನ್ನು ತಂದು ಲಿಚೆಸ್‌ನಲ್ಲಿ ವಿಶ್ಲೇಷಿಸಲೂಬಹುದು. ತುಂಬಾ ಜನ ಹೀಗೇ ಮಾಡುತ್ತಾರೆ.

ಕಂಪ್ಯೂಟರ್ ಜೊತೆ

1997ರಲ್ಲಿ ಐಬಿಎಂನ ಡೀಪ್ ಬ್ಲೂ ಆರು ಆಟಗಳ ಪಂದ್ಯದಲ್ಲಿ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು 3.5–2.5ರಿಂದ ಸೋಲಿಸಿದಾಗ ಅದು ಜಗತ್ತಿನ ಸುದ್ದಿ. ಅದಕ್ಕೆ ದೊಡ್ಡ ಯಂತ್ರವೇ ಬೇಕಾಗಿತ್ತು. ಈಗ ಸ್ಟಾಕ್‌ಫಿಶ್ ಎಂಬ ಉಚಿತ ಎಂಜಿನ್ ನಿಮ್ಮ ಜೇಬಿನ ಫೋನಿನಲ್ಲೇ ಓಡುತ್ತದೆ, ವಿಶ್ವ ಚಾಂಪಿಯನ್ನರೂ ಅದರ ಎದುರು ನಿಲ್ಲಲಾರರು. ಅಂದರೆ ಕಂಪ್ಯೂಟರನ್ನು ಬಲಶಾಲಿ ಮಾಡುವುದು ಈಗ ಸಮಸ್ಯೆಯೇ ಅಲ್ಲ. ಅದು ನಮ್ಮ ನಿಮ್ಮ ಹಾಗೆ ಸೋಲುವಂತೆ ಮಾಡುವುದೇ ಕಷ್ಟ.

ಲಿಚೆಸ್‌ನಲ್ಲಿ ಸ್ಟಾಕ್‌ಫಿಶ್‌ಗೆ ಒಂದರಿಂದ ಎಂಟರವರೆಗೆ ಮಟ್ಟಗಳಿವೆ. ಕೆಳಗಿನ ಮಟ್ಟದಲ್ಲಿ ಆಡಿ ನೋಡಿ, ಒಂದು ವಿಚಿತ್ರ ಕಾಣುತ್ತದೆ. ಏಳೆಂಟು ನಡೆ ಪಂಡಿತನ ಹಾಗೆ ಆಡುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಮಂತ್ರಿಯನ್ನು ತಂದು ನಿಮ್ಮ ಪಾನ್‌ನ (ಕಾಲಾಳಿನ) ಬಾಯಿಗೆ ಇಡುತ್ತದೆ. ಯಾವ ಹೊಸಬನೂ ಹಾಗೆ ಮಾಡುವುದಿಲ್ಲ. ಹೊಸಬ ಮಂತ್ರಿಯನ್ನು ಕಳೆದುಕೊಳ್ಳುವುದು ಏನನ್ನೋ ಆಸೆಪಟ್ಟು, ಇನ್ನೇನನ್ನೋ ನೋಡದೆ. ಇದು ಕೊಡಬೇಕು ಎಂದು ಕೊಟ್ಟದ್ದು. ಇಂಥ ಎದುರಾಳಿಯ ಜೊತೆ ಬಹಳ ದಿನ ಆಡಿದರೆ ಒಂದು ಕೆಟ್ಟ ರೂಢಿ ಬೀಳುತ್ತದೆ. ನೀವೇನೂ ಯೋಜನೆ ಮಾಡದೆ, ಅದು ಯಾವಾಗ ದಾನ ಮಾಡುತ್ತದೆ ಎಂದು ಕಾಯುತ್ತಾ ಕೂರುತ್ತೀರಿ.

ಇದಕ್ಕೆ ಒಂದು ಒಳ್ಳೆಯ ಉತ್ತರ ಮಾಯಾ. 2020ರಲ್ಲಿ ಸಂಶೋಧಕರು ರೂಪಿಸಿದ ಈ ಎಂಜಿನ್, ಅತ್ಯುತ್ತಮ ನಡೆ ಯಾವುದು ಎಂದು ಹುಡುಕುವುದಿಲ್ಲ. ಈ ಮಟ್ಟದ ಮನುಷ್ಯ ಇಲ್ಲಿ ಏನು ಆಡುತ್ತಿದ್ದ ಎಂದು ಊಹಿಸುತ್ತದೆ. ಅದನ್ನು ಕಲಿಸಿದ್ದು ಲಿಚೆಸ್‌ನಲ್ಲಿ ಜನ ಆಡಿದ ಆಟಗಳಿಂದಲೇ, 1100ರಿಂದ 1900ರವರೆಗಿನ ಬೇರೆ ಬೇರೆ ರೇಟಿಂಗ್‌ಗೆ ಬೇರೆ ಬೇರೆಯಾಗಿ. ಅದು ಮಾಡುವ ತಪ್ಪೂ ಮನುಷ್ಯರ ತಪ್ಪಿನ ಥರವೇ ಇರುತ್ತದೆ. ಆಸೆಗೆ ಬೀಳುತ್ತದೆ, ಮೂಲೆಯ ಒಂಟೆಯನ್ನು ಮರೆಯುತ್ತದೆ. ಲಿಚೆಸ್‌ನಲ್ಲೇ ಬಾಟ್ (ಮನುಷ್ಯರ ಬದಲು ಪ್ರೋಗ್ರಾಂ ಆಡುವ) ಖಾತೆಗಳಾಗಿ ಸಿಗುತ್ತದೆ. ಗುರುತಿಲ್ಲದವರ ಎದುರು ಆಡಲು ಅಳುಕು, ಆದರೆ ಯಂತ್ರದ ಯಾಂತ್ರಿಕ ಆಟವೂ ಬೇಡ ಅನ್ನುವವರು ಮೊದಲು ಇದನ್ನು ನೋಡಿ.

ಚೆಸ್ ಡಾಟ್ ಕಾಮ್‌ನ ಬಾಟ್‌ಗಳಿಗೆ ಮುಖ, ಹೆಸರು, ಮಾತು ಎಲ್ಲ ಇದೆ. ಒಬ್ಬೊಬ್ಬರ ಪಕ್ಕದಲ್ಲಿ ರೇಟಿಂಗ್ ಬರೆದಿರುತ್ತದೆ. ಕೆಲವು ಉಚಿತ, ಮಿಕ್ಕವು ಚಂದಾದಾರರಿಗೆ. ಒಂದೊಂದನ್ನೇ ಸೋಲಿಸುತ್ತಾ ಮೇಲೆ ಹತ್ತುವುದು ಮಜಾ ಕೊಡುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ 1200ರ ಬಾಟನ್ನು ಸೋಲಿಸಿದ ಮಾತ್ರಕ್ಕೆ 1200ರ ಮನುಷ್ಯನನ್ನು ಸೋಲಿಸುತ್ತೀರಿ ಎಂದೇನೂ ಇಲ್ಲ.

ನೆಟ್ಟೇ ಇಲ್ಲದ ಕಡೆ ಆಡಬೇಕು, ಬಸ್ಸಿನಲ್ಲಿ, ರೈಲಿನಲ್ಲಿ ಅನ್ನುವವರಿಗೆ ಆಂಡ್ರಾಯ್ಡ್‌ನಲ್ಲಿ ಡ್ರಾಯ್ಡ್‌ಫಿಶ್ ಇದೆ. ಒಳಗಿರುವುದು ಸ್ಟಾಕ್‌ಫಿಶ್. ಜಾಹೀರಾತಿಲ್ಲ, ಖಾತೆ ಬೇಡ, ದುಡ್ಡು ಬೇಡ. ನೋಡಲು ಹಳೆಯ ಕಾಲದ್ದು. ಚಂದ ಬೇಕು ಅನ್ನುವವರಿಗೆ ಅಲ್ಲ. ಬಲವನ್ನು ಕಡಿಮೆ ಮಾಡಿಕೊಳ್ಳುವ ಸೌಲಭ್ಯ ಸೆಟ್ಟಿಂಗ್‌ನಲ್ಲಿದೆ, ಮೊದಲು ಅದನ್ನು ಹುಡುಕಿ ಇಳಿಸಿಕೊಳ್ಳಿ. ಇಲ್ಲದಿದ್ದರೆ ಇಪ್ಪತ್ತು ನಡೆಯೊಳಗೆ ಆಟ ಮುಗಿಯುತ್ತದೆ, ನಿಮ್ಮದು.

ಕಂಪ್ಯೂಟರ್ ಜೊತೆ ಆಡುವಾಗ ನಡೆ ಹಿಂತೆಗೆದುಕೊಳ್ಳುವ ಗುಂಡಿ ಕೈಗೆ ಸಿಕ್ಕುತ್ತದೆ. ಕಲಿಯುವಾಗ ಅದು ಒಳ್ಳೆಯದೇ. ಹಿಂದೆ ಹೋಗಿ ಬೇರೆ ದಾರಿ ಹಿಡಿದು ನೋಡಬಹುದು. ಆದರೆ ಮನುಷ್ಯರ ಜೊತೆ ಆಡಬೇಕು ಅನ್ನುವ ಗುರಿ ಇರುವವರು ಕೆಲವು ಆಟಗಳನ್ನಾದರೂ ಆ ಗುಂಡಿ ಮುಟ್ಟದೆ ಮುಗಿಸಿ.

ದಿನಕ್ಕೊಂದು ನಡೆ

ಜನ ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯದ ಆಯ್ಕೆ ಇದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ. ಹಿಂದೆ ಕಾರ್ಡಿನಲ್ಲಿ ಒಂದೊಂದೇ ನಡೆ ಬರೆದು ಅಂಚೆಗೆ ಹಾಕಿ ಚೆಸ್ ಆಡುತ್ತಿದ್ದರು. ಒಂದು ಆಟ ಮುಗಿಯಲು ವರ್ಷವೇ ಹಿಡಿಯಬಹುದಿತ್ತು. ಈಗ ಅದೇ ಆಟ ಫೋನಿನಲ್ಲಿ. ಲಿಚೆಸ್‌ನಲ್ಲಿ ಕರೆಸ್ಪಾಂಡೆನ್ಸ್, ಚೆಸ್ ಡಾಟ್ ಕಾಮ್‌ನಲ್ಲಿ ಡೈಲಿ ಎಂದು ಹೆಸರು. ಪ್ರತಿ ನಡೆಗೂ ಒಂದು ದಿನದಿಂದ ಹದಿನಾಲ್ಕು ದಿನದವರೆಗೆ ಸಮಯ ಇಟ್ಟುಕೊಳ್ಳಬಹುದು.

ಬೇರೆ ಬೇರೆ ಊರಿನಲ್ಲಿರುವ ಅಣ್ಣ ತಮ್ಮಂದಿರು, ಹಳೆಯ ಸಹಪಾಠಿಗಳು ಆಡಲು ಇದಕ್ಕಿಂತ ಒಳ್ಳೆಯದಿಲ್ಲ. ಇಬ್ಬರಿಗೂ ಒಂದೇ ಹೊತ್ತಿಗೆ ಬಿಡುವಾಗಬೇಕಿಲ್ಲ. ನೆಟ್ ಅರ್ಧ ದಿನ ಇಲ್ಲದಿದ್ದರೂ ಆಟಕ್ಕೆ ಏನೂ ಆಗುವುದಿಲ್ಲ. ಪುಟ್ಟ ಮಗುವಿರುವ ಮನೆಯವರಿಗೆ, ಪಾಳಿಯಲ್ಲಿ ಕೆಲಸ ಮಾಡುವವರಿಗೆ ಇದೊಂದೇ ಕೈಗೆಟುಕುವ ಆಟ. ಲಿಚೆಸ್‌ನಲ್ಲಾದರೆ ಆಟ ತೆರೆದು ಕೊಂಡಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಕು. ಮಾಮೂಲಿ ಗಡಿಯಾರದ ಆಟಕ್ಕೆ ಎದುರಿನವರಿಗೆ ಖಾತೆ ಕೂಡ ಬೇಕಾಗಿಲ್ಲ. ದಿನಗಟ್ಟಲೆ ನಡೆಯುವ ಆಟಕ್ಕೆ ಮಾತ್ರ ಇಬ್ಬರೂ ಖಾತೆ ಮಾಡಿಕೊಳ್ಳುವುದು ಒಳ್ಳೆಯದು.

ನಿಯಮದಲ್ಲಿ ಒಂದು ವ್ಯತ್ಯಾಸವಿದೆ. ಈ ನಿಧಾನದ ಆಟದಲ್ಲಿ ಆರಂಭದ ನಡೆಗಳ ಪುಸ್ತಕ, ದಾಖಲೆ ನೋಡಿಕೊಂಡು ಆಡಲು ಎರಡೂ ತಾಣಗಳು ಬಿಡುತ್ತವೆ. ಎಂಜಿನ್ ಮಾತ್ರ ಕೂಡದು. ಹಾಗಾಗಿ ಓಪನಿಂಗ್ ಕಲಿಯಲು ಇದು ಒಳ್ಳೆಯ ಶಾಲೆ.

ತೊಂದರೆ ಏನೆಂದರೆ ಆಸೆ. ಒಂದೇ ಸಲಕ್ಕೆ ಹದಿನೈದು ಆಟ ಶುರು ಮಾಡಿಕೊಂಡು, ಯಾವ ಆಟದಲ್ಲಿ ಏನು ಯೋಚಿಸಿದ್ದೆ ಅನ್ನುವುದೇ ಮರೆತು, ಅವಸರದಲ್ಲಿ ನಡೆ ಒತ್ತುವುದು. ಮೂರ್ನಾಲ್ಕಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಸಾಧ್ಯವಾದರೆ ಒಂದು ಮರದ ಹಲಗೆಯಲ್ಲಿ ಆ ಆಟವನ್ನು ಜೋಡಿಸಿಟ್ಟುಕೊಳ್ಳಿ. ಪರದೆಯ ಮೇಲೆ ಮಾತ್ರ ಆಡಿ ರೂಢಿಯಾದವರಿಗೆ ನಿಜವಾದ ಹಲಗೆಯ ಎದುರು ಕೂತಾಗ ಉದ್ದನೆಯ ಓರೆ ಸಾಲುಗಳೇ ಕಣ್ಣಿಗೆ ಬೀಳುವುದಿಲ್ಲ. ಟೂರ್ನಮೆಂಟ್ ಆಡುವ ಆಲೋಚನೆ ಇದ್ದರೆ ಇದು ಮುಖ್ಯ.

ದುಬಾರಿ ದಾರಿ: ಎಲೆಕ್ಟ್ರಾನಿಕ್ ಹಲಗೆ

ಕಾಯಿಯನ್ನು ಕೈಯಲ್ಲಿ ಹಿಡಿದೇ ಆಡಬೇಕು, ಎದುರಾಳಿ ಮಾತ್ರ ದೂರದಲ್ಲಿರಲಿ ಅನ್ನುವವರಿಗೆ ಎಲೆಕ್ಟ್ರಾನಿಕ್ ಹಲಗೆಗಳಿವೆ. ದೊಡ್ಡ ಟೂರ್ನಮೆಂಟ್‌ಗಳಲ್ಲಿ ನೇರ ಪ್ರಸಾರಕ್ಕೆ ಬಳಸುವ ಡಿಜಿಟಿ ಹಲಗೆಗಳು ಇದರಲ್ಲಿ ಹೆಸರಾದವು. ಮನೆಯಲ್ಲಿ ಆಡಲೆಂದೇ ಮಾಡಿದ ಹಲವು ಹಲಗೆಗಳಲ್ಲಿ ಚೌಕಗಳಿಗೆ ಪುಟ್ಟ ದೀಪಗಳಿರುತ್ತವೆ. ಎದುರಾಳಿ ನಡೆಸಿದಾಗ ಎರಡು ಚೌಕ ಬೆಳಗುತ್ತದೆ, ನೀವು ಅವರ ಕಾಯಿಯನ್ನು ಎತ್ತಿ ಅಲ್ಲಿಗೆ ಇಡಬೇಕು.

ಕೊಳ್ಳುವ ಮೊದಲು ಮೂರು ವಿಷಯ ಕೇಳಿ. ಹಲಗೆ ಯಾವ ಮನೆಯಲ್ಲಿ ಯಾವ ಕಾಯಿ ಇದೆ ಎಂದು ಗುರುತಿಸುತ್ತದೋ, ಅಥವಾ ಏನೋ ಒಂದು ಇದೆ ಎಂದು ಮಾತ್ರ ತಿಳಿಯುತ್ತದೋ? ಎರಡನೆಯದಾದರೆ ಅರ್ಧ ಆಡಿದ ಸ್ಥಿತಿಯನ್ನು ಹಲಗೆಯ ಮೇಲೆ ಜೋಡಿಸಿ ಆಡಲು ಆ್ಯಪ್‌ನಲ್ಲಿ ಬೇರೆ ಹೇಳಬೇಕಾಗುತ್ತದೆ. ಅದು ಲಿಚೆಸ್ ಅಥವಾ ಚೆಸ್ ಡಾಟ್ ಕಾಮ್‌ಗೆ ಜೋಡಿಸಿಕೊಳ್ಳುತ್ತದೋ, ಅಥವಾ ತಯಾರಕರ ಸ್ವಂತ ಆ್ಯಪ್‌ನಲ್ಲಿ ಮಾತ್ರವೋ? ಆ ಆ್ಯಪ್ ನಾಳೆ ನಿಂತುಹೋದರೆ ಹಲಗೆ ಬರೀ ಹಲಗೆಯಾಗಿ ಉಳಿಯುತ್ತದೆ. ಮೂರನೆಯದು ಬ್ಯಾಟರಿ, ಅದನ್ನು ಹೇಳಬೇಕಾಗಿಲ್ಲ.

ಇದರಲ್ಲಿ ಅವಸರದ ಆಟ ಆಗುವುದಿಲ್ಲ. ಎದುರಾಳಿಯ ಕಾಯಿಯನ್ನೂ ನೀವೇ ನಡೆಸಬೇಕು, ಆ ಹೊತ್ತಿಗೆ ಓಡುತ್ತಿರುವುದು ನಿಮ್ಮ ಗಡಿಯಾರ. ಲಿಚೆಸ್ ಕೂಡ ಇಂಥ ಹಲಗೆಯಿಂದ ಗುರುತಿಲ್ಲದವರ ಜೊತೆ ಆಡುವವರಿಗೆ ರ‍್ಯಾಪಿಡ್ ಮತ್ತು ಅದಕ್ಕಿಂತ ನಿಧಾನದ ಆಟಗಳನ್ನಷ್ಟೇ ಬಿಡುತ್ತದೆ. ಕಾಯಿಗಳು ತಾವಾಗಿ ಸರಿಯುವ ಹಲಗೆಗಳೂ ಇವೆ. ನೋಡಲು ಸೊಗಸು. ಆದರೆ ಕುದುರೆ ಹೋಗಲು ಬೇರೆ ಕಾಯಿಗಳ ನಡುವೆ ದಾರಿ ಮಾಡಿಕೊಂಡು ನಿಧಾನಕ್ಕೆ ತೆವಳಬೇಕಲ್ಲ, ಹೊಸದರಲ್ಲಿ ಇರುವ ಬೆರಗು ಆಮೇಲೆ ಉಳಿಯುವುದು ಕಷ್ಟ. ಚೆಸ್ ನಿಮ್ಮ ದಿನದ ಭಾಗ ಆಗಿಬಿಟ್ಟಿದೆ, ಪರದೆ ನೋಡಿ ನೋಡಿ ಕಣ್ಣು ಸಾಕಾಗಿದೆ ಅನ್ನುವವರು ಮಾತ್ರ ಈ ಖರ್ಚಿಗೆ ಕೈಹಾಕಿ. ಹೊಸದಾಗಿ ಕಲಿಯುವವರಿಗೆ ಖಂಡಿತ ಬೇಡ.

ಮಕ್ಕಳಿಗಾದರೆ

ಇಲ್ಲಿ ಎದುರಾಳಿಗಿಂತ ಮಾತುಕತೆಯ ಕಿಟಕಿಯದ್ದೇ ಚಿಂತೆ. ಲಿಚೆಸ್‌ನಲ್ಲಿ ಕಿಡ್ ಮೋಡ್ ಹಾಕಿದರೆ ಬೇರೆಯವರ ಜೊತೆ ಮಾತಾಡುವ ಎಲ್ಲ ದಾರಿಯೂ ಮುಚ್ಚುತ್ತದೆ, ಆಟ ಮಾತ್ರ ಉಳಿಯುತ್ತದೆ. ಚೆಸ್ ಡಾಟ್ ಕಾಮ್‌ನವರು ಮಕ್ಕಳಿಗೆಂದೇ ಚೆಸ್‌ಕಿಡ್ ಎಂಬ ಬೇರೆ ತಾಣ ನಡೆಸುತ್ತಾರೆ. ಅದರಲ್ಲಿ ಬಣ್ಣ, ಕಾರ್ಟೂನು, ಪಾಠ ಜಾಸ್ತಿ. ಆರೇಳು ವರ್ಷದ ಮಗುವಿಗೆ ಚೆಸ್‌ಕಿಡ್ ಹಿಡಿಸುತ್ತದೆ. ಹತ್ತು ದಾಟಿ ಗಂಭೀರವಾಗಿ ಆಡುವ ಮಕ್ಕಳಿಗೆ ಕಿಡ್ ಮೋಡ್ ಹಾಕಿದ ಲಿಚೆಸ್ ಸಾಕು.

ಮೊದಲ ಆಟಕ್ಕೆ ಮುಂಚೆ

ಯಾವುದನ್ನೇ ಆರಿಸಿದರೂ ಸೆಟ್ಟಿಂಗ್‌ನಲ್ಲಿ ಕೆಲವನ್ನು ಮೊದಲೇ ಸರಿಮಾಡಿಕೊಳ್ಳಿ. ಫೋನಿನಲ್ಲಿ ಕಾಯಿಯನ್ನು ಎಳೆದು ಬಿಡುವಾಗ ಬೆರಳು ಜಾರಿ ಪಕ್ಕದ ಮನೆಗೆ ಬೀಳುವುದು ಮಾಮೂಲು. ಎಳೆಯುವ ಬದಲು ಕಾಯಿಯನ್ನು ಮುಟ್ಟಿ, ಆಮೇಲೆ ಮನೆಯನ್ನು ಮುಟ್ಟುವ ವಿಧಾನ ಹಿಡಿದರೆ ಇದು ಎಷ್ಟೋ ಕಡಿಮೆಯಾಗುತ್ತದೆ. ದಿನಕ್ಕೊಂದು ನಡೆಯ ಆಟದಲ್ಲಿ ನಡೆ ಖಚಿತಪಡಿಸುವ ಆಯ್ಕೆಯನ್ನು ಹಾಕಿಕೊಳ್ಳಿ. ವಾರವಿಡೀ ಯೋಚಿಸಿದ್ದು ಒಂದು ಬೆರಳಿನಿಂದ ಹಾಳಾಗುವುದು ಬೇಡ.

ರೇಟಿಂಗ್ ನೋಡಿದರೆ ಕೈ ನಡುಗುತ್ತದೆ ಅನ್ನುವವರು ಲಿಚೆಸ್‌ನಲ್ಲಿ ಅದನ್ನು ಅಡಗಿಸಿಡಬಹುದು, ನಿಮ್ಮದನ್ನೂ ಎದುರಾಳಿಯದ್ದನ್ನೂ. ಚಾಟ್ ಬೇಡವಾದರೆ ಎರಡೂ ಕಡೆ ಮುಚ್ಚಬಹುದು.

ಕೊನೆಗೆ, ಪಾನ್ ಎಂಟನೇ ಸಾಲು ಮುಟ್ಟಿದ ಕೂಡಲೇ ತಾನಾಗಿ ಮಂತ್ರಿಯಾಗುವ ಆಯ್ಕೆ. ಬುಲೆಟ್ ಆಡುವವರಿಗೆ ಅದು ಬೇಕು. ನಿಧಾನದ ಆಟದಲ್ಲಿ ಅದನ್ನು ತೆಗೆದುಹಾಕಿ. ಎದುರಾಳಿಗೆ ಉಳಿದಿರುವುದು ರಾಜ ಒಬ್ಬನೇ, ಅವನು ಮೂಲೆಯಲ್ಲಿ ಇಕ್ಕಟ್ಟಿಗೆ ಸಿಕ್ಕಿದ್ದಾನೆ ಅಂದುಕೊಳ್ಳಿ. ಆಗ ಹೊಸ ಮಂತ್ರಿ ಬಂದು ಚೆಕ್ ಕೊಡದೆ ಅವನ ಎಲ್ಲ ಮನೆಗಳನ್ನೂ ಕಟ್ಟಿಹಾಕಿದರೆ ಅದು ಸ್ಟೇಲ್‌ಮೇಟ್, ಗೆದ್ದ ಆಟ ಡ್ರಾ. ಅದೇ ಜಾಗದಲ್ಲಿ ಆನೆಯನ್ನು ತೆಗೆದುಕೊಂಡರೆ ಓರೆ ಮನೆ ಅವನಿಗೆ ಉಳಿಯುತ್ತದೆ, ಆಟವೂ ನಿಮಗೆ ಉಳಿಯುತ್ತದೆ. ಆರಿಸುವ ಕಿಟಕಿ ತೆರೆದುಕೊಳ್ಳಬೇಕಾದರೆ ಆ ಗುರುತನ್ನು ಮೊದಲೇ ತೆಗೆದಿರಬೇಕು.